ಹೂ ಬಿಟ್ಟ ಗಿಡಕ್ಕೆ ಕತ್ತಿ

ಹೊಸ ಮನೆ ಕಟ್ಟಿಸಿದ ಸಹೋದರಿಯರಲ್ಲಿ ಒಂದು ಪ್ರಶ್ನೆ. ಜಾಗ ಸಮತಟ್ಟು ಮಾಡಿಸುವಾಗ ಮೇಲಿನ ಒಳ್ಳೆಯ ಮಣ್ಣು ಎಲ್ಲಿಗೆ ಹೋಯಿತೆಂದು ನೀವು ನೋಡಿದ್ದೀರಾ? ನಾನಂತೂ ನೋಡಿರಲಿಲ್ಲ. ಬಾಗಿಲು, ಕಿಟಿಕಿ, ಟೈಲ್ಸ್‌ಗಳ ಲೆಕ್ಕದಲ್ಲೇ ಮುಳುಗಿದ್ದೆ. ಮನೆ ಚೆನ್ನಾಗಿಯೇ ಆಯಿತು. ಹಿತ್ತಲಲ್ಲಿ ಉಳಿದದ್ದು ಮಾತ್ರ ಮುರಕಲ್ಲಿನ ಗಟ್ಟಿ ಕೆಂಪು ಮಣ್ಣು.

ಅದರ ಬಿಸಿ ತಟ್ಟಿದ್ದು ನನ್ನ ಉಮ್ಮನಿಗೆ. ತಂದೆ ತೀರಿಕೊಂಡ ಬಳಿಕ ಅವರನ್ನು ನಮ್ಮಲ್ಲಿಗೆ ಕರೆತಂದೆವು. ಬರುವಾಗ ಹಳೆಯ ಮನೆಯ ಚಪ್ಪರದಿಂದ ಬಸಳೆಯ ತುಂಡುಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಿದ್ದರು. ಮೂರು ಸಲ ನೆಟ್ಟರು. ಮೂರು ಸಲವೂ ಎಲೆ ಹಳದಿಯಾಗಿ ಬಳ್ಳಿ ಸೊರಗಿತು. “ಈ ಮಣ್ಣಿಗೂ ನನಗೂ ಆಗಿಬರುವುದಿಲ್ಲ ಮಗಳೇ, ನನ್ನನ್ನು ಊರಿಗೆ ಬಿಟ್ಟುಬಿಡು” ಎಂದರು. ಹಿತ್ತಲಿಗೆ ಇಳಿಯುವುದನ್ನೇ ನಿಲ್ಲಿಸಿದರು. ಮಣ್ಣಿನ ಮಾತಾಗಿದ್ದರೆ ನಾನು ಸುಮ್ಮನಿರುತ್ತಿದ್ದೆನೋ ಏನೋ, ಅದು ಮಣ್ಣಿನ ಮಾತು ಮಾತ್ರವಾಗಿರಲಿಲ್ಲ.

ನೆರೆಮನೆಯ ಹಿರಿಯ ಕೃಷಿಕರು ದಾರಿ ತೋರಿಸಿದರು. “ಮೊದಲು ಮಣ್ಣಿಗೆ ಉಣ್ಣಿಸಿ ಟೀಚರ್, ಆಮೇಲೆ ಅದರಿಂದ ಕೇಳಿ” ಎಂದು ಹೇಳಿ ಅಪ್ಸೆಣಬಿನ ಬೀಜ ಕೊಟ್ಟರು. ಒಂದು ಸೆಂಟ್ ಜಾಗಕ್ಕೆ ಸುಮಾರು 120 ಗ್ರಾಂ ಸಾಕು. ಬುಡದಲ್ಲಿ ನೀರು ನಿಂತರೆ ಈ ಗಿಡ ತಾಳದು. ಆದ್ದರಿಂದ ಮಳೆಯ ಅಬ್ಬರ ಇಳಿದ ಮೇಲೆ, ಸೆಪ್ಟೆಂಬರ್ ನಡುವಿನಲ್ಲಿ ಮಣ್ಣು ಕೆದಕಿ ಬಿತ್ತಿದೆವು. ವಾರದೊಳಗೆ ಮೊಳಕೆ ಬಂತು. ನವೆಂಬರ್ ಹೊತ್ತಿಗೆ ನನ್ನೆತ್ತರದ ಗಿಡಗಳ ತುಂಬ ಹಳದಿ ಹೂ! ಜೇನುನೊಣಗಳು ಬಂದವು. ಉಮ್ಮ ಹಿಂಬಾಗಿಲ ಮೆಟ್ಟಿಲಲ್ಲಿ ಕುಳಿತು ನೋಡತೊಡಗಿದರು.

ಆಗಲೇ ಗಿಡ ಕಡಿಯಬೇಕಿತ್ತು. ಕಾಯಿ ಬಲಿಯಲು ಬಿಟ್ಟರೆ ಕಾಂಡ ಕಟ್ಟಿಗೆಯಾಗಿ ಬೇಗ ಕೊಳೆಯುವುದಿಲ್ಲ. ಗಿಡದ ಸಾರವೆಲ್ಲ ಬೀಜಕ್ಕೆ ಹೋಗುತ್ತದೆ. ನಾನು ಕತ್ತಿ ಹಿಡಿದಾಗ ಉಮ್ಮನ ಮುಖ ಬಾಡಿತು. “ಹೂ ಬಿಟ್ಟ ಗಿಡಕ್ಕೆ ಕತ್ತಿ ಹಾಕುತ್ತೀಯಾ?” ನನ್ನ ಕೈಯೂ ತಡೆಯಿತು. ಒಂದು ಗಿಡವನ್ನು ಮೆಲ್ಲನೆ ಅಗೆದು ಬೇರನ್ನು ಅವರ ಅಂಗೈಯಲ್ಲಿಟ್ಟೆ. ಬೇರಿನ ತುಂಬ ಪುಟ್ಟ ಗಂಟುಗಳು. ಉಗುರಿನಿಂದ ಸೀಳಿದರೆ ಒಳಗೆ ಗುಲಾಬಿ ಬಣ್ಣ. ಗಾಳಿಯಲ್ಲಿರುವ ಸಾರಜನಕವನ್ನು ಗಿಡಕ್ಕೆ ಆಹಾರವಾಗಿಸುವ ಸೂಕ್ಷ್ಮಜೀವಿಗಳ ಮನೆ ಅದು. ಬಣ್ಣ ಗುಲಾಬಿಯಾಗಿದ್ದರೆ ಕೆಲಸ ನಡೆಯುತ್ತಿದೆ ಎಂದರ್ಥ. ಉಮ್ಮ ಬಹಳ ಹೊತ್ತು ನೋಡಿದರು. “ಜೇನಿಗೆಂದು ನಾಲ್ಕು ಗಿಡ ಬಿಡು, ಉಳಿದದ್ದು ಕಡಿ” ಎಂದರು.

ಕಡಿದದ್ದನ್ನು ಚೂರು ಮಾಡಿ ಮಣ್ಣಿಗೆ ಬೆರೆಸಿದೆವು. ಅದು ಕೊಳೆಯಲೆಂದು ಮೂರು ವಾರ ಏನನ್ನೂ ನೆಡಲಿಲ್ಲ. ನಿಮಗೂ ಒಂದು ಎಚ್ಚರಿಕೆ: ಉಳಿಸಿದ ಗಿಡಗಳ ಬೀಜವನ್ನು ಕೋಳಿ, ಆಡುಗಳಿಗೆ ತಿನ್ನಿಸಬೇಡಿ, ಅದರಲ್ಲಿ ವಿಷದ ಅಂಶವಿದೆ.

ಒಂದೇ ವರ್ಷದಲ್ಲಿ ಮಣ್ಣು ಚಿನ್ನವಾಯಿತೆಂದು ನಾನು ಹೇಳುವುದಿಲ್ಲ. ಮೊದಲ ವರ್ಷ ಹರಿವೆ ಸಾಧಾರಣವಾಗಿ ಬಂತು, ಬಸಳೆ ಸೊಂಟದೆತ್ತರಕ್ಕೆ ನಿಂತಿತು. ಮರುವರ್ಷ ಮತ್ತೆ ಬಿತ್ತಿ, ಮತ್ತೆ ಕಡಿದು, ಸೆಗಣಿ ಗೊಬ್ಬರವನ್ನೂ ಸೇರಿಸಿದೆವು. ಆಗ ಮಣ್ಣಿಗೆ ಕೈ ಹಾಕಿದರೆ ಎರೆಹುಳು ಸಿಗತೊಡಗಿತು. ಬಸಳೆ ಚಪ್ಪರ ಹತ್ತಿತು. ಮೊದಲ ಕೊಯ್ಲಿಗೆ ಸಿಗಡಿ ಹಾಕಿ ಉಮ್ಮನೇ ಸಾರು ಮಾಡಿದರು.

ಸಹೋದರಿಯರೇ, ಬೇರು ಕಿತ್ತು ಬಂದವರಿಗೆ ಹೊಸ ಮಣ್ಣು ಹಿಡಿಸಲು ಸಮಯ ಬೇಕು. ಹಿರಿಯರನ್ನು ಮನೆಗೆ ಕರೆತಂದು ಒಂದು ಕೋಣೆ ಕೊಟ್ಟರೆ ಮುಗಿಯಿತೆಂದು ನಾವು ಭಾವಿಸುತ್ತೇವೆ. ನಾನೂ ಹಾಗೆಯೇ ಭಾವಿಸಿದ್ದೆ. ಉಮ್ಮ ಈಗಲೂ ಊರಿಗೆ ಹೋಗುವ ಮಾತು ಎತ್ತುತ್ತಾರೆ. “ಆದರೆ ಬಸಳೆಗೆ ನೀರು ಹಾಕುವವರು ಯಾರು?” ಎಂದು ತಾವೇ ಅದನ್ನು ಮುಂದಿನ ತಿಂಗಳಿಗೆ ತಳ್ಳುತ್ತಾರೆ.