ಮನೆಗೊಂದು ಕಂಪ್ರೆಸರ್ ಕೊಳ್ಳುವಾಗ

ನಮ್ಮ ಭಾಯಿ ಹತ್ತನೇ ತರಗತಿ ಮುಗಿಸಿ ಬಣ್ಣದ ಕೆಲಸಕ್ಕೆ ಸೇರಿದವರು. ಐದು ವರ್ಷ ಬೇರೆಯವರ ಶೆಡ್ಡುಗಳಲ್ಲಿ ದಿನಗೂಲಿಗೆ ದುಡಿದರು. ಬೈಕಿನ ಟ್ಯಾಂಕಿನ ಮೇಲೆ ಹದ್ದು, ಆಟೋ ಹಿಂದೆ ಹೂಬಳ್ಳಿ, ಲಾರಿಯ ಹಣೆಯ ಮೇಲೆ ಮಗಳ ಹೆಸರು, ಹೀಗೆ ಏನು ಬರೆದರೂ ಅವರ ಕೈ ನಡುಗುವುದಿಲ್ಲ. ಆದರೆ ಏರ್‌ಬ್ರಶ್ ಮಾತ್ರ ಅವರದು, ಗಾಳಿ ಶೆಡ್ಡಿನ ಮಾಲೀಕರದು. ಹಾಗಾಗಿ ಕೂಲಿಯೂ ಮಾಲೀಕರು ಹೇಳಿದಷ್ಟೇ.

ಹೋದ ವರ್ಷ ಅಮ್ಮಿ ಚೀಟಿ ಎತ್ತಿದಾಗ 12,000 ರೂಪಾಯಿ ಕೈಗೆ ಬಂತು. ಅದರಲ್ಲಿ ಭಾಯಿಗೆ ಒಂದು ಕಂಪ್ರೆಸರ್ ಕೊಡಿಸುವುದೆಂದು ಮನೆಯಲ್ಲಿ ತೀರ್ಮಾನವಾಯಿತು. ಅಬ್ಬಾ ಮನೆಯ ಮುಂದಿನ ಕೋಣೆಯಲ್ಲೇ ಬೈಕ್ ರಿಪೇರಿ ಮಾಡುತ್ತಾರೆ. ಟೈರಿಗೆ ಗಾಳಿ ತುಂಬಿಸಲು, ಕಾರ್ಬುರೇಟರ್ ಊದಿ ಸ್ವಚ್ಛ ಮಾಡಲು ಅವರಿಗೂ ಗಾಳಿ ಬೇಕು. ಯಂತ್ರ ಒಂದು, ಕೆಲಸ ಎರಡು. ತಪ್ಪಾದದ್ದನ್ನು ತಂದರೆ ಇನ್ನೊಂದು ಕೊಳ್ಳಲು ಹಣವಿಲ್ಲ. "ಪಿಯುಸಿಯಲ್ಲಿ ಫಿಸಿಕ್ಸ್ ಓದುವವಳು ನೀನು, ಲೆಕ್ಕ ನೀನೇ ಮಾಡು" ಎಂದು ಭಾಯಿ ನನ್ನ ಮೇಲೆ ಹಾಕಿದರು.

ಅಂಗಡಿಗೆ ಹೋಗುವ ಮೊದಲು ಗಾಳಿಯ ಕೆಲಸ ಮಾಡುವ ನಮ್ಮ ನೆಂಟರನ್ನು ಕೇಳೋಣ ಎಂದುಕೊಂಡೆವು. ನಮ್ಮ ಜಿಲ್ಲೆಯಲ್ಲಿ ಅಂಥವರಿಗೆ ಕೊರತೆಯಿಲ್ಲ. ಹಿರಿಯೂರಿನಲ್ಲಿ 48ನೇ ಹೆದ್ದಾರಿಯ ಪಕ್ಕದಲ್ಲಿ ಮಾಮು ಲಾರಿಗಳಿಗೆ ಬಣ್ಣ ಹೊಡೆಯುತ್ತಾರೆ. ಹೊಸದುರ್ಗದ ಖಾಲು ಮರದ ಬಾಗಿಲು, ಮಂಚಗಳಿಗೆ ಪಾಲಿಶ್ ಮಾಡುತ್ತಾರೆ. ಹೊಳಲ್ಕೆರೆಯ ಚಾಚಾಗೆ ಪಂಕ್ಚರ್ ಅಂಗಡಿ ಇದೆ. ಒಂದೊಂದು ಭಾನುವಾರ ಒಬ್ಬೊಬ್ಬರ ಬಳಿ ಹೋದೆವು.

ಮಾಮು ಮೊದಲ ಮಾತಿಗೇ, "ಎಚ್‌ಪಿ ನೋಡಬೇಡಿ, ನಿಮಿಷಕ್ಕೆ ಎಷ್ಟು ಗಾಳಿ ಕೊಡುತ್ತದೆ ಅದನ್ನು ನೋಡಿ" ಎಂದರು. ಡಬ್ಬದ ಮೇಲೆ ದಪ್ಪ ಅಕ್ಷರದಲ್ಲಿ ಇರುವುದು ಎಚ್‌ಪಿ ಮತ್ತು ಟ್ಯಾಂಕಿನ ಲೀಟರ್. ಆದರೆ ಕೆಲಸ ನಡೆಯುವುದು ಹೊರಬರುವ ಗಾಳಿಯಿಂದ. ಅದನ್ನು ಸಿಎಫ್‌ಎಂನಲ್ಲಿ, ಅಂದರೆ ನಿಮಿಷಕ್ಕೆ ಎಷ್ಟು ಘನ ಅಡಿ ಎಂದು ಅಳೆಯುತ್ತಾರೆ. 1 ಸಿಎಫ್‌ಎಂ ಎಂದರೆ ನಿಮಿಷಕ್ಕೆ ಸುಮಾರು 28 ಲೀಟರ್. ಎಷ್ಟೋ ಯಂತ್ರಗಳ ಮೇಲೆ ಬರೆದಿರುವುದು ಪಿಸ್ಟನ್ ಒಳಗೆಳೆದುಕೊಳ್ಳುವ ಗಾಳಿಯ ಲೆಕ್ಕ. ಒತ್ತಡದಲ್ಲಿ ಹೊರಗೆ ಸಿಗುವುದು ಅದಕ್ಕಿಂತ ಕಡಿಮೆ.

ಅಂದು ರಾತ್ರಿ ನೋಟ್‌ಬುಕ್ ತೆಗೆದು ಬಾಯ್ಲ್‌ನ ನಿಯಮ ಹಾಕಿದೆ. 24 ಲೀಟರ್ ಟ್ಯಾಂಕಿನ ಯಂತ್ರದಲ್ಲಿ ಒತ್ತಡ 8 ಬಾರ್ ಮುಟ್ಟಿದಾಗ ಮೋಟಾರು ನಿಂತು, 5 ಬಾರ್‌ಗೆ ಇಳಿದಾಗ ಮತ್ತೆ ಶುರುವಾಗುತ್ತದೆ ಎಂದಿಟ್ಟುಕೊಳ್ಳಿ. ನಡುವಿನ 3 ಬಾರ್‌ನಲ್ಲಿ ನಮಗೆ ಸಿಗುವುದು 24 × 3 = 72 ಲೀಟರ್ ಸಾಮಾನ್ಯ ಗಾಳಿ. ಏರ್‌ಬ್ರಶ್‌ಗೆ 20ರಿಂದ 25 ಪಿಎಸ್‌ಐ ಒತ್ತಡ, ನಿಮಿಷಕ್ಕೆ 15 ಲೀಟರ್ ಗಾಳಿ ಸಾಕು. ಅಂದರೆ ಸುಮಾರು ಐದು ನಿಮಿಷ ಮೋಟಾರಿನ ಸದ್ದಿಲ್ಲದೆ ಬರೆಯಬಹುದು. ಅದೇ ಲಾರಿಗೆ ಬಣ್ಣ ಹೊಡೆಯುವ ಸ್ಪ್ರೇ ಗನ್ ನಿಮಿಷಕ್ಕೆ 150 ಲೀಟರ್ ಅಥವಾ ಅದಕ್ಕಿಂತ ಹೆಚ್ಚು ಕುಡಿಯುತ್ತದೆ. ಆ 72 ಲೀಟರ್ ಅರ್ಧ ನಿಮಿಷಕ್ಕೇ ಖಾಲಿ! ನಿಮಿಷಕ್ಕೆ 80 ಲೀಟರ್ ಕೊಡುವ ಯಂತ್ರ ಎಷ್ಟು ಓಡಿದರೂ ಗನ್ನಿನ ಹಸಿವು ತೀರಿಸಲಾರದು. ದೊಡ್ಡ ಟ್ಯಾಂಕ್ ಇದ್ದರೆ ಸ್ವಲ್ಪ ತಡವಾಗಿ ಖಾಲಿಯಾಗುತ್ತದೆ, ಅಷ್ಟೇ.

ಏರ್‌ಬ್ರಶ್‌ಗೆಂದೇ ಬರುವ 3 ಲೀಟರ್ ಟ್ಯಾಂಕಿನ ಪುಟ್ಟ ಯಂತ್ರವನ್ನೂ ಲೆಕ್ಕಕ್ಕೆ ತೆಗೆದುಕೊಂಡೆ. ಅದು ನಿಮಿಷಕ್ಕೆ 20–25 ಲೀಟರ್ ಕೊಡುತ್ತದೆ. ಭಾಯಿಗೆ ಅಷ್ಟು ಸಾಕು. ಆದರೆ ಅಬ್ಬಾ ಕಾರ್ಬುರೇಟರ್ ಊದಲು ಹಿಡಿದರೆ ಒಂದು ಉಸಿರಿಗೇ ಸುಸ್ತಾಗುತ್ತದೆ.

ಹೊಸದುರ್ಗದ ಖಾಲು ಕಲಿಸಿದ್ದು ನೀರಿನ ಪಾಠ. "ಗಾಳಿ ಹಿಂಡಿದರೆ ನೀರು ಬರುತ್ತದೆ" ಎಂದು ಟ್ಯಾಂಕಿನ ಕೆಳಗಿನ ತಿರುಪು ಸಡಿಲಿಸಿ ತೋರಿಸಿದರು. ತುಕ್ಕು ಬಣ್ಣದ ನೀರು ಚಿಮ್ಮಿತು. ನಮ್ಮದು ಮಳೆ ಕಡಿಮೆ ಇರುವ ಒಣ ಸೀಮೆ, ಇಲ್ಲೆಲ್ಲಿಂದ ನೀರು ಎಂದು ಭಾಯಿಗೆ ಆಶ್ಚರ್ಯ. ಇದಕ್ಕೂ ಪಾಠದಲ್ಲೇ ಉತ್ತರವಿದೆ. 8 ಬಾರ್ ತೋರಿಸುವಾಗ ಒಂಬತ್ತು ಪಾಲು ಗಾಳಿ ಒಂದು ಪಾಲಿನ ಜಾಗದಲ್ಲಿ ತುಂಬಿರುತ್ತದೆ, ತೇವವೂ ಹಾಗೆಯೇ. ಹಿಂಡಿದಾಗ ಬಿಸಿಯಾದ ಗಾಳಿ ಟ್ಯಾಂಕಿನಲ್ಲಿ ತಣ್ಣಗಾದಂತೆ ಹೆಚ್ಚಿನ ತೇವ ಹನಿಯಾಗುತ್ತದೆ. ಹೊರಗಿನ ಆರ್ದ್ರತೆ ಶೇ. 12 ಇದ್ದರೂ ಸಾಕು. ನಮ್ಮ ಏಪ್ರಿಲ್ ಬಿಸಿಲಲ್ಲೂ ಅಷ್ಟು ತೇವ ಇದ್ದೇ ಇರುತ್ತದೆ. ಆ ಹನಿ ಬಣ್ಣದ ಜೊತೆ ಹೊರಬಂದರೆ ಹದ್ದಿನ ರೆಕ್ಕೆಯ ಮೇಲೆ ಗುಳ್ಳೆ ಏಳುತ್ತದೆ. ಆಯಿಲ್ ಹಾಕುವ ಯಂತ್ರದಿಂದ ಎಣ್ಣೆಯ ಕಣ ಬಂದರೂ ಬಣ್ಣ ಅಲ್ಲಲ್ಲಿ ಹಿಡಿಯದೆ ಕಣ್ಣುಕಣ್ಣಾಗುತ್ತದೆ. ಅದಕ್ಕೇ ಏರ್‌ಬ್ರಶ್‌ಗೆ ಆಯಿಲ್ ಇಲ್ಲದ ಯಂತ್ರ ಒಳ್ಳೆಯದು, ಜೊತೆಗೆ ನೀರು ಹಿಡಿಯುವ ಫಿಲ್ಟರ್ ಬೇಕೇ ಬೇಕು. ಆಯಿಲ್ ಯಂತ್ರ ಹೆಚ್ಚು ವರ್ಷ ಬಾಳುತ್ತದೆ ಎಂಬುದೂ ನಿಜ. ದಿನವಿಡೀ ಓಡಿಸುವವರಿಗೆ ಅದೇ ಸರಿ.

ಹೊಳಲ್ಕೆರೆಯ ಚಾಚಾ ಹೇಳಿದ್ದು ಕರೆಂಟಿನ ಮಾತು. ಅವರ ಅಂಗಡಿ ಅಡಿಕೆ ತೋಟಗಳ ನಡುವೆ ಇದೆ. ಬೋರ್‌ವೆಲ್ ಪಂಪುಗಳೆಲ್ಲ ಓಡುವ ಹೊತ್ತಿಗೆ ಅಲ್ಲಿ ವೋಲ್ಟೇಜ್ ಇಳಿಯುತ್ತದೆ, ಮೋಟಾರು ಗುಂಯ್ ಎಂದು ನರಳುತ್ತದೆ, ಓಡುವುದಿಲ್ಲ. ಕಂಪ್ರೆಸರ್ ಶುರುವಾಗುವ ಕ್ಷಣದಲ್ಲಿ ಓಡುವಾಗಿನದಕ್ಕಿಂತ ಹಲವು ಪಟ್ಟು ಕರೆಂಟ್ ಎಳೆಯುತ್ತದೆ. 1 ಎಚ್‌ಪಿ ಎಂದರೆ 746 ವ್ಯಾಟ್. 2 ಎಚ್‌ಪಿ ಯಂತ್ರ ತಂದಿದ್ದರೆ ನಮ್ಮ ಮನೆಯ ವೈರಿಂಗ್ ಬದಲಿಸಬೇಕಾಗುತ್ತಿತ್ತು. ಆ ಖರ್ಚು ಯಾವ ಅಂಗಡಿಯ ಬೆಲೆಪಟ್ಟಿಯಲ್ಲೂ ಇರುವುದಿಲ್ಲ.

ಕೊನೆಯದು ಸದ್ದು. ನಮ್ಮದು ಚಿತ್ರದುರ್ಗದ ಇಕ್ಕಟ್ಟಾದ ಗಲ್ಲಿ. ಒಂದೇ ಗೋಡೆಗೆ ಎರಡು ಮನೆ. ಒಳಗೆ ದಾದಿ ಮಲಗಿರುತ್ತಾರೆ, ಪಕ್ಕದ ಮನೆಯಲ್ಲಿ ಹಸುಗೂಸು ಇದೆ, ನನಗೆ ಪರೀಕ್ಷೆ. ಸಾಮಾನ್ಯ ಯಂತ್ರದ ಸದ್ದು 80–90 ಡೆಸಿಬೆಲ್ ಮುಟ್ಟುತ್ತದೆ. ಸದ್ದು ಕಡಿಮೆಯ ಯಂತ್ರಗಳದು 60–70ರ ಆಸುಪಾಸು. ಅಕ್ಕಪಕ್ಕದವರು ಬೇಸರಪಟ್ಟರೆ ಎಂಥ ಯಂತ್ರವೂ ಮನೆಯಲ್ಲಿ ಉಳಿಯದು.

ಎಲ್ಲ ಕೂಡಿ ಕಳೆದು ನಾವು ತಂದದ್ದು 1 ಎಚ್‌ಪಿ, 24 ಲೀಟರ್‌ನ, ಆಯಿಲ್ ಇಲ್ಲದ, ಸದ್ದು ಕಡಿಮೆಯ ಯಂತ್ರ. ಉಳಿದ ಹಣದಲ್ಲಿ ರೆಗ್ಯುಲೇಟರ್, ಫಿಲ್ಟರ್, ಪೈಪು ಮತ್ತು ಭಾಯಿಗೆ ಕಾರ್ಟ್ರಿಜ್ ಇರುವ ಮಾಸ್ಕ್ ತಂದೆವು. ಬಣ್ಣದ ಮಂಜು ಕರ್ಚೀಫಿಗೆ ನಿಲ್ಲುವುದಿಲ್ಲ. ಹಾರ್ಡನರ್ ಬೆರೆಸುವ ಗಾಡಿ ಬಣ್ಣದಲ್ಲಿ ಐಸೊಸಯನೇಟ್ ಇರುತ್ತದೆ, ಅದು ಆಸ್ತಮಾ ತರಬಲ್ಲದು. ಅಂಥದ್ದನ್ನು ಮನೆಯಲ್ಲಿ ಹೊಡೆಯುವುದೇ ಇಲ್ಲ ಎಂಬುದು ಅಮ್ಮಿಯ ಷರತ್ತು.

ಮಾಮುಗೆ ಒಂದು ಬೇಸರವಿತ್ತು. ಇನ್ನಷ್ಟು ಸಾಲ ಮಾಡಿ ದೊಡ್ಡದು ತಂದಿದ್ದರೆ ಲಾರಿಗಳನ್ನೂ ಹಿಡಿಯಬಹುದಿತ್ತಲ್ಲ ಎಂದರು. ಭಾಯಿ ನಕ್ಕು, "ನನ್ನ ಕೆಲಸ ಹದ್ದಿನ ಕಣ್ಣು ಬರೆಯುವುದು ಮಾಮು, ಇಡೀ ಲಾರಿ ಬಂದರೆ ನಿಮ್ಮ ಶೆಡ್ಡಿಗೇ ತರುತ್ತೇನೆ" ಎಂದರು. ಈಗ ತಿಂಗಳಿಗೆ ಐದಾರು ಟ್ಯಾಂಕುಗಳು, ಒಂದೆರಡು ಆಟೋಗಳು ಬರುತ್ತಿವೆ. ದರವನ್ನು ಭಾಯಿಯೇ ಹೇಳುತ್ತಾರೆ.

ಸ್ನೇಹಿತರೇ, ನಿಮ್ಮ ಮನೆಯಲ್ಲೂ ಇಂಥ ಯಂತ್ರ ಕೊಳ್ಳುವ ಮಾತು ಬಂದರೆ ಮೊದಲು ದಿನವೂ ಮಾಡುವ ಕೆಲಸ ಯಾವುದು, ಅದಕ್ಕೆ ನಿಮಿಷಕ್ಕೆ ಎಷ್ಟು ಗಾಳಿ ಬೇಕು ಎಂದು ಬರೆದುಕೊಳ್ಳಿ. ವರ್ಷಕ್ಕೊಮ್ಮೆ ಬರುವ ಕೆಲಸಕ್ಕಾಗಿ ಯಂತ್ರ ಕೊಳ್ಳಬೇಡಿ. ತಂದ ಮೇಲೆ ಸಂಜೆ ಕೆಲಸ ಮುಗಿದಾಗ ಟ್ಯಾಂಕಿನ ನೀರು ಬಿಡುವುದನ್ನು ಮರೆಯಬೇಡಿ. ನಮ್ಮ ಮನೆಯಲ್ಲಿ ಆ ಕೆಲಸ ನನ್ನದು.