ಸಣ್ಣ ಸಿಹಿ, ಬಡಿಸುವ ಕೈ

ಚಳ್ಳಕೆರೆ ಕಡೆಯ ಮದುವೆ ಊಟದಲ್ಲೂ ಸಿಹಿ ಈಗ ಸಣ್ಣದಾಗುತ್ತಿದೆ. ಗೋಲಿ ಗಾತ್ರದ ಜಾಮೂನು, ಎರಡು ಬೆರಳಲ್ಲಿ ಹಿಡಿಯುವಷ್ಟು ಜಹಾಂಗೀರು, ಒಂದೇ ಗುಟುಕಿಗೆ ಮುಗಿಯುವ ಲೋಟದ ಪಾಯಸ. ಇವನ್ನೆಲ್ಲ ಕಲ್ಯಾಣ ಮಂಟಪದ ಒಂದು ಮೂಲೆಯಲ್ಲಿ ಬಿಳಿ ಬಟ್ಟೆ ಹಾಸಿದ ಮೇಜಿನ ಮೇಲೆ ಜೋಡಿಸಿಟ್ಟಿರುತ್ತಾರೆ. ಹಿರಿಯರು ನೋಡಿ, “ಮದುವೆ ದೊಡ್ಡದು, ಕೈ ಸಣ್ಣದು” ಅನ್ನುತ್ತಾರೆ. ನಾನು ಆ ಮಾತನ್ನು ಒಪ್ಪುವುದಿಲ್ಲ. ಸಿಹಿ ಸಣ್ಣದಾದದ್ದು ನನಗೆ ಸಂತೋಷವೇ. ಅದು ಎಲೆ ಬಿಟ್ಟು ಮೇಜಿಗೆ ಹೋದದ್ದೇ ಬೇಸರ.

ನಮ್ಮ ಸೀಮೆಯಲ್ಲಿ ಸಿಹಿ ಯಾವತ್ತೂ ಮಿತದ್ದೇ. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸಿನ ಮಳೆ, ಅದೂ ಬಂದರೆ ಬಂತು. ನವಣೆ, ಸಜ್ಜೆ, ರಾಗಿ, ಶೇಂಗಾ ಬೆಳೆದುಕೊಂಡು ಬದುಕಿದ ಊರುಗಳಿವು. ಕಬ್ಬಿಗೆ ನೀರೆಲ್ಲಿಂದ ಬರಬೇಕು? ಬೆಲ್ಲವನ್ನು ಸಂತೆಯಲ್ಲಿ ದುಡ್ಡು ಕೊಟ್ಟೇ ತರಬೇಕಿತ್ತು. ಹಾಗಾಗಿ ತಂಬಿಟ್ಟಾಗಲಿ, ಶೇಂಗಾ ಉಂಡೆಯಾಗಲಿ, ಮಗುವಿನ ಅಂಗೈಯಲ್ಲಿ ಕೂರುವಷ್ಟೇ ಇರುತ್ತಿತ್ತು. ಮುಷ್ಟಿ ಗಾತ್ರದ ಲಾಡು, ಎಲೆಯ ಅರ್ಧ ಆಕ್ರಮಿಸುವ ಚಿರೋಟಿ ಇವೆಲ್ಲ ದುಡ್ಡಿನ ಜೊತೆ ಬಂದ ಡೌಲು. ಕಚ್ಚಿ ಬಿಟ್ಟ ಲಾಡು ಎಲೆಯ ಸಮೇತ ತಿಪ್ಪೆಗೆ ಹೋಗುವುದನ್ನು ನೋಡಿದರೆ ಕರುಳು ಹಿಂಡುತ್ತದೆ. 2012ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಅಲ್ಲಿನ ಕಲ್ಯಾಣ ಮಂಟಪಗಳ ಸಮೀಕ್ಷೆ ನಡೆಸಿ, ವರ್ಷಕ್ಕೆ 943 ಟನ್ ಆಹಾರ ಪೋಲಾಗುತ್ತಿದೆ ಎಂದು ಅಂದಾಜು ಮಾಡಿದರು. ಬರ ಕಂಡ ತಾಲ್ಲೂಕಿನವರಿಗೆ ಇದು ಬರೀ ಅಂಕಿಯಾಗಿ ಕಾಣುವುದಿಲ್ಲ.

ಆದರೆ ಎಲ್ಲ ಸಿಹಿಯೂ ಸಣ್ಣದಾಗಲು ಒಪ್ಪುವುದಿಲ್ಲ. ಜಾಮೂನು ಒಪ್ಪುತ್ತದೆ. ಸಣ್ಣ ಉಂಡೆಯ ನಡುವಿನವರೆಗೂ ಪಾಕ ಬೇಗ ಇಳಿಯುವುದರಿಂದ ಒಳಗೆ ಹಿಟ್ಟಿನ ಗಂಟು ಉಳಿಯುವುದಿಲ್ಲ. ಕರಿಯುವಾಗ ಮಾತ್ರ ಉರಿ ತಗ್ಗಿಸಿ ಒಲೆ ಮುಂದೆಯೇ ನಿಂತಿರಬೇಕು, ಕಣ್ಣು ಅತ್ತಿತ್ತ ಹೋದರೆ ಕಪ್ಪಾಯಿತು. ಬೇಳೆ ಹೋಳಿಗೆ ಒಪ್ಪುವುದಿಲ್ಲ. ಅದನ್ನು ಕುಗ್ಗಿಸಿದಷ್ಟೂ ಅಂಚಿನ ಕಣಕವೇ ಹೆಚ್ಚಾಗಿ ಹೂರಣ ಕಮ್ಮಿಯಾಗುತ್ತದೆ. ತುಪ್ಪ ಹಾಕಿ, ಹಾಲಲ್ಲಿ ನೆನೆಸಿ, ಮುರಿದು ತಿನ್ನುವ ಸುಖ ಅಂಗೈಯಗಲದ ಹೋಳಿಗೆಗೇ ಮೀಸಲು. ಪಾಯಸದ ಕಷ್ಟವೇ ಬೇರೆ. ಪುಟ್ಟ ಲೋಟಗಳಿಗೆ ಗಂಟೆ ಮೊದಲೇ ತುಂಬಿಟ್ಟರೆ ಶಾವಿಗೆ ಹಾಲನ್ನೆಲ್ಲ ಹೀರಿ ಮುದ್ದೆಯಾಗುತ್ತದೆ, ಮೇಲೆ ಕೆನೆಗಟ್ಟುತ್ತದೆ. ಪಾಯಸ ಬಕೆಟ್ಟಿನಿಂದ ಸೌಟಿಗೆ, ಸೌಟಿನಿಂದ ಎಲೆಗೆ ಬಿಸಿಬಿಸಿಯಾಗಿ ಬೀಳಬೇಕು. ಅದು ಎಲೆಯ ಮೇಲೆ ಹರಿದು ಓಡುವುದನ್ನು ಬೆರಳಲ್ಲಿ ತಡೆದು ಬಾಚಿಕೊಂಡು ಉಣ್ಣಬೇಕು.

ಸಣ್ಣದಾಗಿ ಇನ್ನಷ್ಟು ಚೆಲುವಾಗುವ ಸಿಹಿ ಎಂದರೆ ಶೇಂಗಾ ಹೋಳಿಗೆ. ಚಳ್ಳಕೆರೆಗೆ ಎಣ್ಣೆ ನಗರಿ ಎಂದು ಹೆಸರು ತಂದ ಶೇಂಗಾವನ್ನೇ ಹದವಾಗಿ ಹುರಿದು, ಸಿಪ್ಪೆ ಉಜ್ಜಿ, ಕೇರಿ, ಬೆಲ್ಲ ಏಲಕ್ಕಿ ಕೂಡಿಸಿ ಕುಟ್ಟಿದ ಹೂರಣ. ಬೇಳೆಯದರಂತೆ ಅದರಲ್ಲಿ ನೀರಿನ ಪಸೆ ಇರುವುದಿಲ್ಲ. ತೆಳ್ಳಗೆ ಲಟ್ಟಿಸಬಹುದು, ಪುಟ್ಟದಾಗಿ ಬೇಯಿಸಬಹುದು, ನಾಲ್ಕು ದಿನ ಮೊದಲೇ ಮಾಡಿ ಡಬ್ಬಿಗೆ ತುಂಬಬಹುದು. ಮದುವೆಯ ಬೆಳಗ್ಗೆ ಅಡುಗೆಯವರಿಗೆ ಒಂದು ಒಲೆ ಬಿಡುವಾಗುತ್ತದೆ. ಹೀಗಿದ್ದೂ ನಮ್ಮ ಎಷ್ಟೋ ಮದುವೆಗಳ ಪುಟಾಣಿ ಸಿಹಿಗಳ ಸಾಲಿನಲ್ಲಿ ಅದಕ್ಕೆ ಜಾಗವೇ ಇಲ್ಲ. ಬಣ್ಣ ಹಾಕಿದ ಕೇಕಿನ ತುಂಡಿಗೆ ಜಾಗವಿದೆ.

ಮೊಳಕಾಲ್ಮೂರಿನ ಮದುವೆ ಎಂದರೆ ಹೆಣ್ಣಿನ ಮೈಮೇಲೆ ಆ ಊರಿನದೇ ಮಗ್ಗದ ರೇಷ್ಮೆ ಸೀರೆ, ಎದುರು ಸಾಲಿನಲ್ಲಿ ಗಡಿಯಾಚೆಯ ರಾಯದುರ್ಗದ ಬೀಗರು. ಕನ್ನಡ, ತೆಲುಗು ಎರಡೂ ಒಂದೇ ಪಂಕ್ತಿಯಲ್ಲಿ ಕಲೆಯುತ್ತವೆ. ಬಡಿಸುವವನು ಎಲೆಯ ಮುಂದೆ ಬಗ್ಗಿ “ಇನ್ನೊಂದ್ ಹಾಕ್ಲಾ?” ಅನ್ನುತ್ತಾನೆ, ಬೀಗರು ಎಲೆಗೆ ಕೈ ಅಡ್ಡ ಹಿಡಿದು “ಬ್ಯಾಡ ಬ್ಯಾಡ” ಅನ್ನುತ್ತಾರೆ, ಬೆರಳ ಸಂದಿಯಲ್ಲೇ ಒಂದು ಜಾರುತ್ತದೆ. ಈ ಜಗ್ಗಾಟದಲ್ಲೇ ಸಂಬಂಧ ಕೂಡುವುದು. ಸಿಹಿ ಸಣ್ಣದಿದ್ದರೆ ಜಗ್ಗಾಟ ಇನ್ನೂ ಸೊಗಸು: ಹಾಕಿದವನಿಗೆ ಹಾಕಿದ ತೃಪ್ತಿ, ಉಂಡವರಿಗೆ ಹೊಟ್ಟೆ ಭಾರವಿಲ್ಲ. ಮೇಜಿನ ಮೇಲಿಟ್ಟರೆ ಕೇಳುವವರು ಯಾರು? ಮಂಡಿ ನೋವಿನ ಅಜ್ಜಿ ಎದ್ದು ಸರದಿಯಲ್ಲಿ ನಿಲ್ಲುವುದಿಲ್ಲ. ಸಕ್ಕರೆ ಕಾಯಿಲೆಯವರಿಗಂತೂ ಬಡಿಸುವ ಕೈಯೇ ಬೇಕು. “ಅರ್ಧ ಹಾಕಪ್ಪ” ಅನ್ನುವುದು ಅವರ ಹಕ್ಕು. ಇನ್ನು ಆ ಪ್ಲಾಸ್ಟಿಕ್ ಲೋಟ, ಚಮಚಗಳು. 2022ರ ಜುಲೈ 1ರಿಂದ ದೇಶದಲ್ಲೇ ನಿಷೇಧವಾಗಿದ್ದರೂ ಮಂಟಪದ ಹಿಂದಿನ ಬೇಲಿಗೆ ಇನ್ನೂ ಸಿಕ್ಕಿಕೊಂಡಿರುತ್ತವೆ. ಮುತ್ತುಗದೆಲೆಯ ದೊನ್ನೆ ನಮಗೆ ಹೊಸದೇ?

ಸಣ್ಣ ಸಿಹಿಯ ಪರವಾಗಿ ನಾನು ವಾದಿಸುವುದಕ್ಕೆ ಇನ್ನೊಂದು ದೊಡ್ಡ ಕಾರಣವಿದೆ. ಕೊನೆಯ ಪಂಕ್ತಿಯಲ್ಲಿ ಕೂರುವವರು ಓಲಗದವರು, ಪಾತ್ರೆ ತೊಳೆಯುವವರು, ಎಲೆ ಎತ್ತುವವರು, ಬೆಳಗಿನಿಂದ ಬಡಿಸಿದ ಹುಡುಗರು. ಅಷ್ಟು ಹೊತ್ತಿಗೆ ಅನ್ನ ಸಾರು ಉಳಿದಿರುತ್ತದೆ, ಸಿಹಿಯ ತಟ್ಟೆ ಬರಿದಾಗಿರುತ್ತದೆ. ಅದೇ ಹಿಟ್ಟು, ಅದೇ ಬೆಲ್ಲದಲ್ಲಿ ಪುಟ್ಟದಾಗಿ ಮಾಡಿದರೆ ಲೆಕ್ಕಕ್ಕೆ ಹೆಚ್ಚು ಸಿಗುತ್ತವೆ. ಮೊದಲ ಪಂಕ್ತಿ ಕೂರುವ ಮೊದಲೇ ಇವರ ಪಾಲನ್ನು ಎಣಿಸಿ ಡಬ್ಬಿಯಲ್ಲಿ ಮುಚ್ಚಿಡಲು ಅಡುಗೆಯವರಿಗೆ ಮದುವೆ ಮನೆಯವರೇ ಹೇಳಬೇಕು. ಆ ಪಂಕ್ತಿಗೆ ಬಡಿಸಲು ಮದುಮಗನ ಅಣ್ಣತಮ್ಮಂದಿರು ಬಕೆಟ್ಟು ಹಿಡಿದು ಬರಲಿ, “ಇನ್ನೊಂದ್ ಹಾಕ್ಲಾ?” ಅಂತ ಅವರನ್ನೂ ಕೇಳಲಿ.