ನಾನಿಯ ಎಪ್ಪತ್ತು ರಂಜಾನ್

ರಜೆಯಲ್ಲಿ ಸಖರಾಯಪಟ್ಟಣದ ಮನೆಯಲ್ಲಿ ನಾನಿಯ ಅರ್ಜಿಯೊಂದನ್ನು ತುಂಬುತ್ತಿದ್ದೆ. ವಯಸ್ಸು ಕೇಳಿದರೆ “ಎಪ್ಪತ್ತು” ಎಂದರು. ಆಧಾರ್ ಕಾರ್ಡಿನ ಲೆಕ್ಕದಲ್ಲಿ 68. “ನಾನಿಗೆ ಲೆಕ್ಕವೇ ಬರಲ್ಲ” ಎಂದು ನೆಂಟರ ಎದುರು ನಕ್ಕುಬಿಟ್ಟೆ. ಅವರು ಮಾತಾಡದೆ ಒಳಗೆ ಹೋದರು.

ಕಾಲೇಜು ಶುರುವಾದ ಮೇಲೆ ಇತಿಹಾಸದ ಸರ್ ಪ್ರಾಚೀನ ಹೀಬ್ರೂ ಅರಸರ ಪಟ್ಟಿ ಮಾಡಲು ಹೇಳಿದರು. ಹಜ್ರತ್ ದಾವೂದ್, ಹಜ್ರತ್ ಸುಲೈಮಾನ್ (ಅ.ಸ.) ಅವರ ಬಗ್ಗೆ ಮದ್ರಸದಲ್ಲೇ ಕೇಳಿದ್ದೆ. ಸುಲೈಮಾನರ ನಂತರ, ಕ್ರಿ.ಪೂ. 930ರ ಸುಮಾರಿಗೆ, ರಾಜ್ಯ ಇಸ್ರೇಲ್ ಮತ್ತು ಯೆಹೂದ ಎಂದು ಎರಡಾಯಿತು. ಮುಂದೆ ಯೇಹು ಎಂಬ ದಂಗೆಕೋರ ಎರಡೂ ಕಡೆಯ ಅರಸರನ್ನು ಒಂದೇ ಸಲಕ್ಕೆ ಕೊಲ್ಲಿಸಿದ. ಅಂದರೆ ಎರಡೂ ಪಟ್ಟಿಗಳ ಆರಂಭ ಒಂದೇ, ಕೊನೆಯೂ ಒಂದೇ. ಬೈಬಲ್ಲಿನ ‘ಅರಸುಗಳು’ ಭಾಗ ಕೊಡುವ ಆಳ್ವಿಕೆಯ ವರ್ಷಗಳನ್ನು ಕೂಡಿಸಿದೆ. ಇಸ್ರೇಲಿಗೆ 98, ಯೆಹೂದಕ್ಕೆ 95! ಯೇಹು ಅಸ್ಸೀರಿಯಾಕ್ಕೆ ಕಪ್ಪ ಕೊಟ್ಟದ್ದು ಕ್ರಿ.ಪೂ. 841ರಲ್ಲಿ. ಹಾಗೆ ನೋಡಿದರೆ ನಡುವಿನ ಅವಧಿ ಸುಮಾರು 90 ವರ್ಷ ಮಾತ್ರ.

“ಸರ್, ಇದೆಲ್ಲ ತಪ್ಪು” ಎಂದೆ.

“ಶಾಸನದ ಶಕ ವರ್ಷಕ್ಕೆ 78 ಸೇರಿಸುತ್ತೀಯಲ್ಲ, ಆಗ ಶಾಸನ ಸುಳ್ಳು ಅಂತೀಯಾ? ಅವರು ಹೇಗೆ ಎಣಿಸಿದರು ಅಂತ ಮೊದಲು ಕೇಳು” ಎಂದರು.

ಎಡ್ವಿನ್ ಥೀಲೆ ಎಂಬ ವಿದ್ವಾಂಸರು 1951ರ ತಮ್ಮ ಪುಸ್ತಕದಲ್ಲಿ ಕೇಳಿದ್ದು ಇದನ್ನೇ. ಅವರ ಪ್ರಕಾರ, ಇಸ್ರೇಲಿನಲ್ಲಿ ಅರಸ ಸತ್ತ ವರ್ಷವನ್ನು ಅವನಿಗೂ ಸೇರಿಸುತ್ತಿದ್ದರು, ಮುಂದಿನವನಿಗೂ ಸೇರಿಸುತ್ತಿದ್ದರು. ಹೀಗೆ ಒಂದೇ ವರ್ಷ ಎರಡು ಸಲ ಲೆಕ್ಕಕ್ಕೆ ಬಂತು. ಯೆಹೂದದಲ್ಲಿ ತಂದೆ ಬದುಕಿರುವಾಗಲೇ ಮಗನೂ ಪಟ್ಟಕ್ಕೇರಿದ್ದುಂಟು. ಆ ವರ್ಷಗಳೂ ಇಬ್ಬರ ಹೆಸರಿನಲ್ಲೂ ಬಂದವು.

ಅಂದು ರಾತ್ರಿ ನಾನಿಯ ನೆನಪಾಯಿತು. ಶನಿವಾರ ಊರಿಗೆ ಹೋದವನೇ ಕೇಳಿದೆ: “ನಾನಿ, ವಯಸ್ಸು ಹೇಗೆ ಎಣಿಸಿದಿರಿ?”

“ಇನ್ನು ಹೇಗೆ? ರಂಜಾನ್ ಲೆಕ್ಕ ಇಟ್ಟಿದ್ದೇನೆ.”

ಹಿಜರಿ ವರ್ಷಕ್ಕೆ ಸುಮಾರು 354 ದಿನ. ಎಪ್ಪತ್ತರಿಂದ ಗುಣಿಸಿದರೆ 24,780. ಅದನ್ನು 365ರಿಂದ ಭಾಗಿಸಿದೆ. ಹೆಚ್ಚುಕಡಿಮೆ 68!

ಕಾಗದ ತೋರಿಸಿ, “ಲೆಕ್ಕ ಬರದೇ ಇದ್ದದ್ದು ನನಗೆ, ನಾನಿ. ಮಾಫ್ ಮಾಡಿ” ಎಂದೆ. ಅವರು ಕಾಗದ ನೋಡಲಿಲ್ಲ. “ಎಲ್ಲರ ಎದುರು ನಕ್ಕೆ, ಈಗ ಒಬ್ಬನೇ ಬಂದು ಹೇಳ್ತೀಯಾ?” ಎಂದರು.

ಅದಕ್ಕೇ ಇದನ್ನು ಎಲ್ಲರ ಎದುರು ಬರೆದಿದ್ದೇನೆ.